ಅಲುಗಿಸುವವನ ಕೈ

ನಮ್ಮೂರಿಗೆ ಹೊಸಬರು ಬಂದರೆ ಮೊದಲ ಮಧ್ಯಾಹ್ನ ಅವರಿಗೆ ನಗು ತಡೆಯಲಾಗುವುದಿಲ್ಲ. ಹತ್ತಿಗಿರಣಿಯ ಭೋಂಗಾ, ಅಂದರೆ ಸೈರನ್ನು, ಹೊಡೆಯುತ್ತದೆ, ನೆರಳು ಅಂಗಾಲಿನ ಕೆಳಗೆ ಸೇರಿಕೊಳ್ಳುತ್ತದೆ, ಊರಿಗೆ ಊರೇ ಎದ್ದು ನಿಂತು ತೂಗಾಡತೊಡಗುತ್ತದೆ. ಕಿರಾಣಿ ಅಂಗಡಿಯವರು ತಕ್ಕಡಿ ಕುಲುಕುತ್ತಾರೆ. ಚಹಾದಂಗಡಿಯವನು ಕಪ್ಪುಗಳನ್ನು ಹಲಗೆಯ ಮೇಲೆ ಉರುಳಾಡಿಸುತ್ತಾನೆ. ಹೆಂಗಸರು ರೊಟ್ಟಿಯನ್ನು ಮೊರಕ್ಕೆ ಹಾಕಿ ಜೋಳ ಕೇರಿದ ಹಾಗೆ ಕೇರುತ್ತಾರೆ. ಶಾಲೆಯ ಮಕ್ಕಳು ಪುಸ್ತಕದ ಹಾಳೆ ಫಡಫಡ ಬಡಿಯುತ್ತಾರೆ, ಮಾಸ್ತರರು ಕುರ್ಚಿಯಿಂದೆದ್ದು ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಾ ನಿಲ್ಲುತ್ತಾರೆ. ನೆರಳು ಮತ್ತೆ ಹೊರಗೆ ಇಣುಕಿ, ಎರಡನೆಯ ಭೋಂಗಾ ಆದ ಮೇಲೆಯೇ ನಮಗೆಲ್ಲ ಊಟ. ಹೊಸಬರು ಇದನ್ನೆಲ್ಲ ನೋಡಿ ನಗುತ್ತಾ ಕಟ್ಟೆಯ ಮೇಲೆ ಕೂತೇ ಇದ್ದರೆ ಆಮೇಲೆ ನಗುವ ಸರದಿ ನಮ್ಮದು. ಅವರ ಪ್ಯಾಂಟು ಕಟ್ಟೆ ಬಿಟ್ಟು ಬರುವುದಿಲ್ಲ.

ಆ ಹೊತ್ತಿನಲ್ಲಿ ಒಂದಕ್ಕೊಂದು ತಾಗಿಕೊಂಡು ಅಲುಗದೆ ಇದ್ದದ್ದು ಅಂಟುತ್ತದೆ. ಇದರಲ್ಲಿ ದೊಡ್ಡದಾಗಿ ಹೇಳಿಕೊಳ್ಳುವಂಥದ್ದೇನಿಲ್ಲ. ಬೇರೆ ಊರಲ್ಲಿ ಸೊಳ್ಳೆ ಕಾಟ, ನಮ್ಮಲ್ಲಿ ಇದು. ಮೊದಲ ಮಧ್ಯಾಹ್ನಕ್ಕೆ ಮೇಲುಮೇಲೆ ಅಂಟುತ್ತದೆ. ಬಿಡಿಸದೆ ಇನ್ನೊಂದು ಮಧ್ಯಾಹ್ನ ಕಳೆದರೆ ಎಲುಬಿನವರೆಗೆ ಇಳಿಯುತ್ತದೆ. ಆಮೇಲೆ ಅದು ಎರಡಾಗಿತ್ತು ಎನ್ನುವುದನ್ನೇ ಮರೆಯಬೇಕು. ಮನೆ ಕಟ್ಟುವವರಿಗೆ ಇದು ಒಳ್ಳೆಯದೇ ಆಯಿತು, ಬೆಳಿಗ್ಗೆ ಕಲ್ಲು ಜೋಡಿಸಿಟ್ಟರೆ ಊಟದ ಹೊತ್ತಿಗೆ ಗೋಡೆ. ಗಾರೆ ಕಲಸುವವರು ನಮ್ಮೂರಲ್ಲಿ ಹುಡುಕಿದರೂ ಸಿಗುವುದಿಲ್ಲ.

ನನ್ನ ನೌಕರಿ ಬಿಡಿಸುವ ಕಚೇರಿಯಲ್ಲಿ. ಮೊದಲೆಲ್ಲ ಅಲ್ಲಿ ಇದ್ದದ್ದು ಕಾಶೀಮಸಾಬ ಕಾಕಾ ಒಬ್ಬರೇ, ಅವರ ಎಣ್ಣೆಡಬ್ಬಿ, ಕೊಕ್ಕೆಗಳು, ವೀಳ್ಯದೆಲೆಯಷ್ಟು ತೆಳುವಾದ ಚೂರಿಗಳು. ಎಳೆದಾಗ ಬಂದರೆ ಬಂತು, ಹರಿದರೆ ಹರಿಯಿತು. ಆಮೇಲೆ ಕಚೇರಿಗೆ ಕಂಪ್ಯೂಟರ್ ಬಂತು, ಅದರ ಹಿಂದೆ ನಾನು ಬಂದೆ. ಎಳೆಯುವ ಮೊದಲು ಎಳೆದು ನೋಡುವುದು ನನ್ನ ಕೆಲಸ. ಅಂಟಿಕೊಂಡ ಎರಡು ಮೈಗಳನ್ನೂ ಪರದೆಯ ಮೇಲೆ ಸಣ್ಣ ಸಣ್ಣ ತ್ರಿಕೋನದ ತುಂಡುಗಳಾಗಿ ಮೀನಿನ ಬಲೆಯಂತೆ ಹೆಣೆಯುತ್ತೇನೆ. ಪ್ರತಿಯೊಂದು ತುಂಡೂ ತನ್ನ ಪಕ್ಕದ ತುಂಡಿಗೆ ಎಷ್ಟು ಎಳೆತ ದಾಟಿಸುತ್ತದೆ ಎಂದು ಕಂಪ್ಯೂಟರ್ ಲೆಕ್ಕ ಹಾಕುತ್ತದೆ. ಎರಡು ಮೈಗಳ ನಡುವೆ ದಪ್ಪವೇ ಇಲ್ಲದ ಒಂದು ಪದರ ಇಡುತ್ತೇನೆ, ಅದೇ ಅಂಟು. ಎಷ್ಟು ಎಳೆದರೆ ಅದು ಸಡಿಲಾಗಬೇಕು, ಎಷ್ಟು ಬಾಯಿ ಬಿಟ್ಟರೆ ಪೂರ್ತಿ ಸೋಲಬೇಕು ಎಂದು ಅದಕ್ಕೆ ಹೇಳಿಕೊಡುತ್ತೇನೆ. ಅಂಟು ಮೈಗಿಂತ ದುರ್ಬಲವಾಗಿದ್ದರೆ ಬಿರುಕು ಅಂಟಿನ ಗುಂಟ ಓಡಿ ಎರಡೂ ಹಸನಾಗಿ ಬಿಡಿಸಿಕೊಳ್ಳುತ್ತವೆ. ಅಂಟೇ ಬಲವಾಗಿದ್ದರೆ ಬಿರುಕು ದಾರಿ ಬಿಟ್ಟು ಮೈಯೊಳಗೆ ನುಗ್ಗಿ ಮೇಲ್ಮೈಯನ್ನು ಕಿತ್ತುಕೊಂಡೇ ಬರುತ್ತದೆ. ಬಿರುಕು ಯಾವ ಕಡೆ ತಿರುಗುತ್ತದೆ ಎಂದು ನಾನು ತೋರಿಸಿದ ಮೇಲೆ ಕಾಕಾ ಕೊಕ್ಕೆ ಕೈಗೆತ್ತಿಕೊಳ್ಳುತ್ತಾರೆ.

ಈ ಲೆಕ್ಕಕ್ಕೆ ಒಂದು ಕಡೆಯನ್ನು ಕಟ್ಟಿಹಾಕಲೇಬೇಕು. ಎರಡೂ ಕಡೆ ತೇಲುತ್ತಿದ್ದರೆ ಲೆಕ್ಕ ನಿಲ್ಲುವುದಿಲ್ಲ. ಯಾವ ಕಡೆ ಎಂದು ನಾನು ಎಂದೂ ತಲೆ ಕೆಡಿಸಿಕೊಂಡವನಲ್ಲ, ಕಾಕಾ ಮೊದಲ ದಿನವೇ ಹೇಳಿಕೊಟ್ಟಿದ್ದರು: "ಜೀವ ಇಲ್ಲದ್ದನ್ನ ಕಟ್ಟು, ಜೀವ ಇದ್ದದ್ದನ್ನ ಎಳಿ. ಕಲ್ಲೇನ ಎದ್ದು ಓಡಿ ಹೊಕ್ಕೈತಿ?" ಆ ಮಾತು ಒಮ್ಮೆಯೂ ಸುಳ್ಳಾಗಿರಲಿಲ್ಲ.

ನನ್ನ ಅಕ್ಕ ದಾಕ್ಷಾಯಣಿಯ ಗಂಡ ಗುರುಶಾಂತಪ್ಪ, ನಾನು ಮಾವ ಎಂದು ಕರೆಯುತ್ತಿದ್ದವರು, ಊರಿನ ಅಲುಗಿಸುವವರಾಗಿದ್ದರು. ಭೋಂಗಾ ಹೊಡೆದ ಕೂಡಲೇ ಉದ್ದನೆಯ ಬಿದಿರುಕೋಲು ಹಿಡಿದು ಹೊರಬೀಳುವರು. ಕೋಲಿನ ತುದಿಗೆ ಅರಿವೆಯ ಉಂಡೆ. ನಿದ್ದೆ ಹೋದವರು, ಕುಡಿದು ಬಿದ್ದವರು, ಜಗಳದ ಭರದಲ್ಲಿ ಹೊತ್ತು ಮರೆತವರು, ಯಾರು ಸುಮ್ಮನಿದ್ದರೂ ಕಿಟಕಿಯಿಂದಲೋ ಬಾಗಿಲಿನಿಂದಲೋ ಒಂದು ತಿವಿತ. "ಏಳೋ, ಕಟ್ಟೀಗೆ ಅಳಿಯಾ ಆಗಾಂವೇನು?" ಎಂದು ನಗಿಸಿ ಮುಂದೆ ಹೋಗುವರು. ಎಡಕ್ಕೊಮ್ಮೆ ಬಲಕ್ಕೊಮ್ಮೆ ತೂಗಿ, ನಡುವೆ ತುಸು ತಡೆದು ಇಡುವ ಹೆಜ್ಜೆ ಅವರದು. ಆ ಕೋಲಿನ ತಿವಿತ ತಿನ್ನದ ಮೈ ಊರಲ್ಲಿರಲಿಲ್ಲ. ಸುತ್ತು ಮುಗಿಸುವ ಮುಂಚೆ ತಮ್ಮ ಮನೆಯ ಬಾಗಿಲಲ್ಲೂ ನಿಂತು, ಒಳಗೆ ಕೌದಿ ಹೊಲಿಯುತ್ತಿದ್ದ ಅಕ್ಕನ ಹೆಗಲಿಗೆ ಒಂದು ಸಲ ತಿವಿದು ಹೋಗುತ್ತಿದ್ದರು. ಹೊಸ್ತಿಲು ದಾಟುತ್ತಿರಲಿಲ್ಲ, ಓಣಿ ಇನ್ನೂ ಬಾಕಿ ಇರುತ್ತಿತ್ತಲ್ಲ. ಅಕ್ಕನಿಗೆ ಅದೊಂದು ಕೊರಗು. ಊರಿನವರೆಲ್ಲ ಮನೆಮಂದಿ ಕೂಡಿ ತೂಗಾಡುವ ಹೊತ್ತಿನಲ್ಲಿ ಅವಳೊಬ್ಬಳೇ ತೂಗಾಡಬೇಕು.

ಉಬ್ಬಸದಲ್ಲಿ ನರಳಿ ನರಳಿ ಮಾವ ಒಂದು ಬೆಳಿಗ್ಗೆ ಹೋದರು. ಡಾಕ್ಟರು ಬಂದು ನಾಡಿ ನೋಡಿ, ಕಣ್ಣಿಗೆ ಬ್ಯಾಟರಿ ಬಿಟ್ಟು, ಮುಗಿಯಿತು ಎಂದರು. ಹಣೆಗೆ ವಿಭೂತಿ ಹಚ್ಚಿ, ನಮ್ಮ ಪದ್ಧತಿಯಂತೆ ಪಡಸಾಲೆಯ ಗೋಡೆಗೆ ಒರಗಿಸಿ ಕೂಡಿಸಿದೆವು. ಹೆಣವಾದರೂ ಮಧ್ಯಾಹ್ನ ಅಲುಗಿಸಲೇಬೇಕು. ಆದರೆ ಹೊತ್ತು ಏರಿದಂತೆ ಅಳಲು ಬಂದ ಹೆಂಗಸರೆಲ್ಲ ಒಬ್ಬೊಬ್ಬರಾಗಿ ಎದ್ದರು; ಅವರವರ ಮನೆಯಲ್ಲಿ ಮುಚ್ಚಳ ಹಾಕಿದ ಗಡಿಗೆಗಳಿದ್ದವು, ತೊಟ್ಟಿಲ ಕೂಸುಗಳಿದ್ದವು. ನಾನೂ ಕಚೇರಿಯ ಸಾಮಾನು ಅಲುಗಿಸಲು ಹೊರಟೆ. "ಅಕ್ಕಾ, ಮಾವನ್ನ ಅಲುಗಸ್ತಿರು," ಎಂದೆ. ಅಕ್ಕ ಮಾವನ ಪಕ್ಕದಲ್ಲಿ ಗೋಡೆಗೊರಗಿ ಕೂತು, ಅವರ ಬಲಗೈಯನ್ನು ತನ್ನ ಬಲಗೈಯಲ್ಲಿ ಹಿಡಿದುಕೊಂಡಿದ್ದಳು. ಹೂಂ ಎಂದು ತಲೆಯಾಡಿಸಿದಳು.

ಎರಡನೆಯ ಭೋಂಗಾ ಆಗಿ ನಾವು ತಿರುಗಿ ಬಂದಾಗ ಅಕ್ಕನ ಬೆನ್ನು ಗೋಡೆಗೆ ಅಂಟಿತ್ತು. ಸೀರೆ ಚಾಪೆಗೆ ಅಂಟಿತ್ತು. ಕೈಗೆ ಕೈ ಅಂಟಿತ್ತು. "ಜೊಂಪು ಹತ್ತಿತು ತಮ್ಮಾ," ಎಂದಳು. ರಾತ್ರಿಯಿಡೀ ಗಂಡನ ಉಸಿರು ಕಾದವಳು, ಯಾರು ಅನುಮಾನ ಪಡುತ್ತಾರೆ? ಕಾಶೀಮಸಾಬ ಕಾಕಾ ಎಣ್ಣೆ ಬಿಟ್ಟು, ಸೀರೆಯನ್ನು ಅಲ್ಲಲ್ಲಿ ಹರಿದು, ಅವಳ ಬೆನ್ನನ್ನು ಗೋಡೆಯಿಂದ ಬಿಡಿಸಿದರು. ಮಾವನ ಬೆನ್ನಿಗೆ ಕೈಹಾಕಿದರೆ ಅದು ಬಿಡಿಸುವ ಮೊದಲೇ ಬಂತು. ಗೋಡೆಗೂ ಅಂಟಿರಲಿಲ್ಲ, ಚಾಪೆಗೂ ಅಂಟಿರಲಿಲ್ಲ. "ಪುಣ್ಯವಂತ. ಗೋಡಿ ಸೈತ ಹಿಡಕೊಳ್ಳಲಿಲ್ಲ ನೋಡ್ರಿ," ಎಂದಳು ಪಕ್ಕದ ಮನೆಯ ಮುದುಕಿ. ಹೌದು ಹೌದು ಎಂದೆವು. ಅಂಗೈ ಮಾತ್ರ ಬರಲಿಲ್ಲ.

ಅಂಗೈ ಬಿಟ್ಟು ಬರದಿದ್ದರೆ ಮಾವನ ಮಣಿಕಟ್ಟು ಕೊಯ್ಯುವುದೊಂದು ದಾರಿ. ಹಾಗೆ ಕೊಯ್ದರೆ ಸತ್ತ ಕೈ ಜೀವಂತ ಕೈಯ ಮೇಲೆ ಉಳಿದು, ಕೊಳೆತು, ತೋಳನ್ನೇ ತಿನ್ನುತ್ತದೆ. ಕಾಕಾ ಅಂಥದ್ದನ್ನು ಕಣ್ಣಾರೆ ನೋಡಿದ್ದರು. ಅಕ್ಕ ಅದಕ್ಕೆ ಒಪ್ಪಲೂ ಇಲ್ಲ. "ಊರೆಲ್ಲಾ ಅಡ್ಡಾಡಿದ ಮನಷ್ಯಾ. ಮುಕ್ಕಾಗಿ ಮಣ್ಣಿಗೆ ಹೋಗೂದು ಬ್ಯಾಡ," ಎಂದಳು. ಹಾಗಾದರೆ ನಾಳೆ ಮಧ್ಯಾಹ್ನದೊಳಗೆ ಬಿಡಿಸಬೇಕು. ಆಗದಿದ್ದರೆ ಏನು ಮಾಡಬೇಕೆಂದು ಅವಳೇ ಹೇಳಿದಳು, ಉಪ್ಪು ಕಡಿಮೆಯಾಗಿದೆ ಎನ್ನುವಷ್ಟು ಸಲೀಸಾಗಿ: "ನನ್ನೂ ಅವರ ಬಾಜೂಕ ಕುಂಡ್ರಸಿಬಿಡ್ರಿ. ಕುಣಿ ಒಂದೀಟು ಅಗಲ ತಗೀರಿ." ನನ್ನನ್ನು ಎತ್ತಿ ಆಡಿಸಿದವಳು ಅವಳು. ಅವಳನ್ನು ಮಣ್ಣಿಗೆ ಬಿಟ್ಟುಕೊಡಲು ನಾನು ತಯಾರಿರಲಿಲ್ಲ.

ಲ್ಯಾಪ್‌ಟಾಪನ್ನು ಅವಳ ಮನೆಗೇ ತಂದೆ. ಎರಡು ಕೈಗಳ ಅಳತೆ ತೆಗೆದು ಬಲೆ ಹೆಣೆದೆ. ಕಾಕಾ ಅಂಚಿಗೊಂದು ಸಣ್ಣ ಕೊಕ್ಕೆ ಸಿಕ್ಕಿಸಿ ಹಗುರಾಗಿ ಎಳೆದು, ಎಷ್ಟು ಎಳೆತಕ್ಕೆ ಎಷ್ಟು ಬಾಯಿ ಬಿಡುತ್ತದೆಂದು ಹೇಳಿದರು. ಮಾವನ ಕೈ ಕಟ್ಟಿಹಾಕಿದೆ, ಅಕ್ಕನ ಕೈ ಎಳೆದೆ. ಪರದೆಯ ಮೇಲೆ ಬಿರುಕು ಕಿರುಬೆರಳಿನ ಕಡೆಯಿಂದ ಹೊರಟು ಸ್ವಲ್ಪ ದೂರ ಅಂಟಿನ ಗುಂಟ ಬಂತು. ಆಮೇಲೆ ಮೇಲಕ್ಕೆ ತಿರುಗಿ ಅಕ್ಕನ ಅಂಗೈಯೊಳಗೆ ಹೊಕ್ಕಿತು. ಬಲೆಯನ್ನು ಇನ್ನೂ ಸಣ್ಣಗೆ ಹೆಣೆದೆ. ಎಳೆಯುವ ಕೋನ ಬದಲಿಸಿದೆ. ಬೆರಳಿನಿಂದ ಎಳೆದೆ, ಮಣಿಕಟ್ಟಿನಿಂದ ಎಳೆದೆ. ಪ್ರತಿಸಲವೂ ಬಿರುಕು ಅಕ್ಕನ ಅಂಗೈಗೇ ಹೋಗಿ, ಚರ್ಮ ಮಾಂಸ ಎಲ್ಲ ಮಾವನ ಕೈಗೆ ಉಳಿಯುತ್ತಿತ್ತು. ಆ ಗಾಯ ಮಾಯುವಂಥದ್ದಲ್ಲ, ಮಾದರೂ ಆ ಕೈ ಸೂಜಿ ಹಿಡಿಯುವುದಿಲ್ಲ.

ಮರುದಿನ ಬಿಸಿಲೇರಿದಾಗಲೂ ಅದೇ ಚಿತ್ರ. ಆದರೆ ನನ್ನನ್ನು ಇನ್ನೊಂದು ವಿಷಯ ಕೊರೆಯುತ್ತಿತ್ತು. ಕಾಕಾ ಎಳೆದು ಹೇಳಿದ್ದಕ್ಕೂ ನನ್ನ ಪದರಕ್ಕೂ ತಾಳೆ ಬೀಳುತ್ತಿರಲಿಲ್ಲ. ನಾನು ಅಂಗೈ ತುಂಬ ಒಂದೇ ಸಮನೆ ಅಂಟು ಹಚ್ಚಿದ್ದೆ. ನಿಜವಾದ ಅಂಟು ಹಾಗಿರಲಿಲ್ಲ. ಒಂದು ಕಡೆ ಬಿಗಿ, ಅದರ ಪಕ್ಕ ಖಾಲಿ, ಮತ್ತೆ ಬಿಗಿ, ಮತ್ತೆ ಖಾಲಿ, ಜಮಖಾನೆಯ ಪಟ್ಟಿಗಳ ಹಾಗೆ. ಕಚೇರಿಯಲ್ಲಿ ಇಂಥ ಅಂಟು ನೋಡಿ ಗೊತ್ತಿದೆ. ಎರಡರಲ್ಲಿ ಒಂದು ಅಲುಗುತ್ತಿದ್ದು, ಇನ್ನೊಂದು ಅದನ್ನು ಬಿಡದೆ ಒತ್ತಿ ಹಿಡಿದಾಗ ಹೀಗಾಗುತ್ತದೆ.

"ಅಕ್ಕಾ," ಎಂದೆ, "ನಿನ್ನೆ ನಿದ್ದಿಗಣ್ಣಾಗ ಕೈ ಅಲುಗಿಸಿದ್ದೇನು?"

ಅಕ್ಕ ಅಂಟಿದ ಕೈಗಳ ಕಡೆ ನೋಡಿದಳು. "ನಾ ನಿದ್ದಿ ಮಾಡಿಲ್ಲ ತಮ್ಮಾ. ಸುಳ್ಳು ಹೇಳಿದೆ. ಎಚ್ಚರ ಇದ್ದೆ. ರೆಪ್ಪಿ ಸೈತ ಬಡೀಲಿಲ್ಲ, ಉಸರು ಬಿಗಿಹಿಡಿದು ಕುಂತಿದ್ದೆ. ಇಷ್ಟು ವರ್ಷ ಮಧ್ಯಾಹ್ನ ಆತಂದ್ರ ಅವರು ಊರ ಸುತ್ತಾಕ ಹೋಗೋರು. ನಿನ್ನೆ ಒಂದಿನ ನನ್ನ ಬಾಜೂಕ ಇದ್ದರು. ಬಿಡಾಕ ಮನಸ್ಸಾಗಲಿಲ್ಲ. ಗಟ್ಟ್ಯಾಗಿ ಹಿಡಕೊಂಡೆ."

"ಮತ್ತ ಅಲುಗಿದ್ದು ಯಾರು?"

ನಾನು ಗೋಡೆ ನೋಡಿದೆ. ಅಕ್ಕ ಒರಗಿದ್ದ ಕಡೆ ಸೀರೆಯ ಎಳೆಗಳು ಇನ್ನೂ ಕಲ್ಲಿಗೆ ಅಂಟಿಕೊಂಡಿದ್ದವು. ಮಾವ ಒರಗಿದ್ದ ಕಡೆ ಗೋಡೆ ತೊಳೆದಿಟ್ಟಂತಿತ್ತು. ಜೀವ ಇದ್ದವಳು ಗೋಡೆಗೂ ಚಾಪೆಗೂ ಅಂಟಿದ್ದಳು, ಹೆಣ ಯಾವುದಕ್ಕೂ ಅಂಟಿರಲಿಲ್ಲ. ಇಡೀ ಊರು ಅದನ್ನು ನೋಡಿ ಪುಣ್ಯ ಎಂದು ಕೈಮುಗಿದು ಮನೆಗೆ ಹೋಗಿತ್ತು. ಕಾಕಾನ ಕಡೆ ನೋಡಿದರೆ ಅವರು ಚೂರಿಯನ್ನು ಕೆಳಗಿಟ್ಟು ಗಡ್ಡ ಸವರಿಕೊಳ್ಳುತ್ತಿದ್ದರು.

ನಾನು ಪರದೆಯ ಮೇಲಿನ ಬಲೆಗೆ ತಿರುಗಿದೆ. ಇನ್ನೇನು ಮಾಡಲಿ, ನನಗೆ ಬರುವುದು ಅದೊಂದೇ. ಈ ಸಲ ಅಂಟನ್ನು ಪಟ್ಟಿಪಟ್ಟಿಯಾಗಿ ಹಚ್ಚಿ, ಅಕ್ಕನ ಕೈಯನ್ನು ಕಟ್ಟಿಹಾಕಿದೆ, ಮಾವನ ಕೈಯನ್ನು ಬಿಟ್ಟುಬಿಟ್ಟೆ. ಆ ಕೈಗೆ ಮಾವನ ನಡಿಗೆಯ ತೂಗು ಕೊಟ್ಟೆ: ಎಡಕ್ಕೊಮ್ಮೆ, ಬಲಕ್ಕೊಮ್ಮೆ, ನಡುವೆ ತುಸು ತಡೆ. ಬಿರುಕು ಕಿರುಬೆರಳಿನಿಂದ ಹೊರಟಿತು. ಖಾಲಿ ಪಟ್ಟಿಯಿಂದ ಖಾಲಿ ಪಟ್ಟಿಗೆ ನಡುವಿನ ಅಂಟನ್ನು ಒಂದೊಂದು ತೂಗಿಗೆ ಒಂದಿಷ್ಟು ಸಡಿಲಿಸುತ್ತಾ, ಅಂಟಿನ ದಾರಿಯಿಂದ ಆಚೀಚೆ ತಪ್ಪದೆ ಹೆಬ್ಬೆರಳಿನವರೆಗೆ ಓಡಿತು. ಎರಡು ಕೈಗಳೂ ಪರದೆಯ ಮೇಲೆ ಬೇರೆ ಬೇರೆಯಾಗಿ ನಿಂತವು. ಅದೇ ಲೆಕ್ಕದಲ್ಲಿ ಅಕ್ಕನ ಬೆರಳು ಸ್ವಲ್ಪ ಬಿಗಿಮಾಡಿ ನೋಡಿದೆ. ಬಿರುಕು ಅಲ್ಲೇ ನಿಂತು, ಅಂಗೈಯೊಳಗೆ ತಿರುಗಿತು.

"ಕಾಕಾ, ಈ ತೂಗು ನೀವು ಕೊಡ್ತೀರೇನು?" ಎಂದೆ. ಅವರು ಮಾವನ ಮುಂಗೈ ಹಿಡಿದು ಅಲುಗಿಸಲು ನೋಡಿದರು. ಸೆಟೆದ ಕೈ ಒಂದು ಕೂದಲೆಳೆಯಷ್ಟೂ ಮಿಸುಕಲಿಲ್ಲ. "ನನ್ನ ಕೈಲಾಗೂದಿಲ್ಲೋ," ಎಂದರು, ದನಿ ತಗ್ಗಿಸಿ. "ಅಲುಗಿಸೋದು ಅವನ ಕೆಲಸ. ಅವನ ಹೊತ್ತಿಗೆ ಅವನ ಮಾಡಬೇಕು."

ಅವರ ಹೊತ್ತು ಎಂದರೆ ಮಧ್ಯಾಹ್ನ. ಮಧ್ಯಾಹ್ನದವರೆಗೆ ಕಾದು, ಮಾವ ಅಲುಗದಿದ್ದರೆ ಅಂಟು ಎಲುಬಿಗಿಳಿಯುತ್ತದೆ, ಅಕ್ಕನಿಗಾಗಿ ಕುಣಿ ಅಗಲ ಮಾಡಬೇಕಾಗುತ್ತದೆ. ಈಗಲೇ ಅವಳ ಅಂಗೈ ಕೊಯ್ದು ಬಿಡಿಸಿದರೆ ಜೀವ ಉಳಿದು ಕೈ ಹೋಗುತ್ತದೆ. ನಾನು ಎಲ್ಲವನ್ನೂ ಅಕ್ಕನಿಗೆ ಹೇಳಿದೆ, ಪರದೆಯನ್ನೂ ತೋರಿಸಿದೆ. ಮಾವನ ಕೈ ತೂಗಾಡುವುದನ್ನು ಅವಳು ನೋಡಿದಳು. "ಅವರ ನಡಿಗಿ," ಎಂದಳು, ಕಣ್ಣು ತುಂಬಿ. ಆಮೇಲೆ, "ಮಧ್ಯಾಹ್ನದ ತನಕ ಕಾಯೂಣು," ಎಂದಳು. ಅಷ್ಟು ಬೇಗ ಒಪ್ಪಿದ್ದೇ ನನಗೆ ಹೆದರಿಕೆ ತಂದಿತು. ಅಂಟಬೇಕೆಂದು ಉಸಿರು ಬಿಗಿಹಿಡಿದವಳು ಬಿಡಿಸಿಕೊಳ್ಳಲು ಒಪ್ಪಿದಳೋ, ಇನ್ನೊಮ್ಮೆ ಅಂಟಲು ಒಪ್ಪಿದಳೋ?

"ಅಕ್ಕಾ, ನೀ ಹಿಡೀಬಾರದು. ಸುಮ್ನ ಇರಬೇಕು, ಆದ್ರ ಬೆರಳು ಬಿಗಿ ಮಾಡಬಾರದು. ಹಿಡಿದಿ ಅಂದ್ರ ಮುಗೀತು," ಎಂದೆ. ಅವಳು ಹೂಂ ಎಂದಳು. ನಿನ್ನೆಯೂ ಹೂಂ ಎಂದವಳೇ.

ಭೋಂಗಾ ಹೊಡೆಯಿತು. ಬಾಗಿಲ ಹೊರಗಿನ ನೆರಳುಗಳೆಲ್ಲ ಎಲ್ಲೋ ಇಂಗಿಹೋದವು. ನಾನು, ಕಾಕಾ ಎದ್ದು ನಿಂತು ತೂಗಾಡತೊಡಗಿದೆವು. ಓಣಿಯ ಗಡಿಗೆ ಮುಚ್ಚಳಗಳ ಸದ್ದು, ಕೂಸುಗಳ ಅಳು ಕೇಳುತ್ತಿತ್ತು. ಅಕ್ಕ ಕಲ್ಲಾಗಿ ಕೂತಿದ್ದಳು. ಅವಳ ಬೆನ್ನು ಗೋಡೆಗೆ ತಾಗದಂತೆ ನಾನೇ ಕೂಡಿಸಿದ್ದೆ, ಕೆಳಗೆ ಹಾಸಿದ ಕೌದಿಯನ್ನು ಕಾಕಾ ಕಾಲಿನಿಂದ ಎಳೆದಾಡುತ್ತಿದ್ದರು. ಮಾವ ವಿಭೂತಿಯ ಹಣೆಯನ್ನು ತುಸು ಬಾಗಿಸಿ ಗೋಡೆಗೊರಗಿ ಕೂತೇ ಇದ್ದರು. ಏನೂ ಆಗಲಿಲ್ಲ. ಇನ್ನೂ ಏನೂ ಆಗಲಿಲ್ಲ. ನಾನು ಹಾಕಿದ ಲೆಕ್ಕಕ್ಕೂ ನನ್ನ ಬುದ್ಧಿಗೂ ಛೀ ಎಂದುಕೊಂಡು ಕಾಕಾನ ಚೂರಿಗೆ ಕೈ ಚಾಚಿದೆ.

ಆಗ ಮಾವನ ಹೆಗಲು ಎಡಕ್ಕೆ ಹೋಯಿತು. ತುಸು ತಡೆಯಿತು. ಬಲಕ್ಕೆ ಬಂತು. ಮುಖದಲ್ಲಿ ಏನೂ ಇರಲಿಲ್ಲ, ಕಣ್ಣು ಮುಚ್ಚಿಯೇ ಇತ್ತು. ಹೆಣದ ಮುಖ ಹೆಣದ್ದೇ ಆಗಿತ್ತು. ಹೆಗಲು ಮಾತ್ರ ಓಣಿ ಓಣಿ ತಿರುಗುತ್ತಿತ್ತು. ಕಾಕಾ ತಮ್ಮ ದೇವರನ್ನು ನೆನೆದರು. ನಾನು ತೂಗಾಡುವುದನ್ನು ಮರೆತಿದ್ದೆ. ಕಾಕಾ ನನ್ನ ಬೆನ್ನಿಗೊಂದು ಗುದ್ದು ಕೊಟ್ಟ ಮೇಲೆ ಮತ್ತೆ ಅಲುಗಿದೆ.

ಕೈಗಳ ನಡುವೆ ಒಣ ಬಾಳೆಪಟ್ಟೆ ಸೀಳಿದಂಥ ಸಣ್ಣ ಸದ್ದಾಯಿತು. ಕಿರುಬೆರಳು ಬಿಟ್ಟಿತು. ಉಂಗುರದ ಬೆರಳು ಬಿಟ್ಟಿತು. ಅಷ್ಟರಲ್ಲಿ ಅಕ್ಕನ ಬೆರಳ ಗೆಣ್ಣುಗಳು ಬೆಳ್ಳಗಾಗುವುದು ಕಂಡಿತು. ಅವಳು ಬಿಗಿಹಿಡಿಯುತ್ತಿದ್ದಳು. ಸದ್ದು ನಿಂತಿತು, ಅವಳ ಅಂಗೈಯ ಅಂಚಿನಲ್ಲಿ ರಕ್ತದ ಒಂದು ಗೆರೆ ಮೂಡಿತು.

"ಅಕ್ಕಾ! ಬಿಡು!"

"ಇನ್ನೊಂದೀಟು ಇರಲೋ," ಎಂದಳು, ತುಟಿಯನ್ನಷ್ಟೇ ಅಲುಗಿಸಿ.

ಮಾವನ ಹೆಗಲು ಎಡಕ್ಕೆ ಹೋಗಿ, ಕೈ ಬಾರದೆ, ಅಲ್ಲೇ ನಿಂತಿತು. ಎಳೆಯಲಿಲ್ಲ, ಜಗ್ಗಲಿಲ್ಲ, ಕಾಯುತ್ತಾ ನಿಂತಿತು. ಹೊರಗೆ ಓಣಿಯ ತುದಿಯಲ್ಲಿ ಯಾರದೋ ಕೂಸು ಒಂದೇ ಸಮನೆ ಅಳುತ್ತಿತ್ತು. ಅದನ್ನು ಅಲುಗಿಸುವವರು ಮನೆಯಲ್ಲಿದ್ದರೋ ಇಲ್ಲವೋ. ಅಕ್ಕ ಆ ಅಳುವಿಗೆ ಕಿವಿಗೊಟ್ಟಳು. ಮೂಲೆಯಲ್ಲಿದ್ದ ಬಿದಿರುಕೋಲಿನ ಕಡೆ ನೋಡಿದಳು. "ಹೋಗ್ರಿ ಹಂಗಾರ, ಓಣಿ ಬಾಕಿ ಐತಿ," ಎಂದಳು ಮಾವನಿಗೆ, ಸಿಟ್ಟಿನಿಂದಲೇ. ಅವಳ ಬೆರಳುಗಳು ಅರಳಿದವು. ಹೆಗಲು ಬಲಕ್ಕೆ ಬಂತು. ಉಳಿದ ಬೆರಳು, ಅಂಗೈ, ಕೊನೆಗೆ ಹೆಬ್ಬೆರಳು ಒಂದಾದ ಮೇಲೊಂದು ಬಿಟ್ಟು, ಮಾವನ ಕೈ ಅವರ ತೊಡೆಯ ಮೇಲೆ ಬಿತ್ತು. ಎರಡನೆಯ ಭೋಂಗಾ ಹೊಡೆದಾಗ ಅವರು ಮತ್ತೆ ಬರೀ ಹೆಣವಾಗಿದ್ದರು. ಅಕ್ಕನ ಅಂಗೈಯಲ್ಲಿ ಸೂಜಿ ತಾಗಿದಷ್ಟು ಗಾಯ, ಮತ್ತೇನಿಲ್ಲ. ನಾನು ಅವಳ ಕಾಲ ಮೇಲೆ ತಲೆಯಿಟ್ಟು ಅತ್ತುಬಿಟ್ಟೆ.

ಮಾವನನ್ನು ಇಡಿಯಾಗಿ ಮಣ್ಣಿಗೆ ಕೂಡಿಸಿದೆವು. ಊರಿಗೆ ಹೊಸ ಅಲುಗಿಸುವವನು ಬಂದ. ಅವನು ಬೇರೆ ಕೋಲು ಮಾಡಿಸಿಕೊಂಡ. ಮಾವನ ಕೋಲನ್ನು ಅಕ್ಕ ಕೊಡಲಿಲ್ಲ. ಕಚೇರಿಯಲ್ಲಿ ಈಗ ನಾನು ಎರಡೂ ಕಡೆಯನ್ನು ಒಂದೊಂದು ಸಲ ಕಟ್ಟಿ ನೋಡಿದ ಮೇಲೆಯೇ ಮಾತಾಡುತ್ತೇನೆ, ಕಾಕಾ ಅದಕ್ಕೆ ಏನೂ ಅನ್ನುವುದಿಲ್ಲ.

ಮಳೆಗಾಲ ಮುಗಿದ ಮೇಲೆ ಆ ಹೊಸಬ ಕಚೇರಿಗೆ ಬಂದು, "ನಿಮ್ಮ ಅಕ್ಕಾರು ಮಧ್ಯಾಹ್ನ ಏಳಂಗಿಲ್ರಿ. ತಿವಿಯಾಕ ಹೋದ್ರ 'ಅತ್ತಾಗ ಹೋಗು' ಅಂತಾರ," ಎಂದು ದೂರಿದ. ನನಗೆ ಹಳೆಯ ಹೆದರಿಕೆ ತಿರುಗಿ ಬಂತು. ಮರುದಿನ ಭೋಂಗಾ ಹೊಡೆಯುವಾಗ ಅಕ್ಕನ ಮನೆ ಬಾಗಿಲಲ್ಲಿದ್ದೆ. ಅವಳು ಅದೇ ಗೋಡೆಗೆ, ಮಾವ ಒರಗಿದ್ದ ಜಾಗದಲ್ಲೇ ಬೆನ್ನು ಕೊಟ್ಟು, ಕಣ್ಣು ಮುಚ್ಚಿ, ಉಸಿರು ಬಿಗಿಹಿಡಿದು ಕೂತಿದ್ದಳು. ಇದು ಎಷ್ಟನೆಯ ಮಧ್ಯಾಹ್ನವೋ. ಇಷ್ಟು ಹೊತ್ತಿಗೆ ಗೋಡೆಯೊಳಗೆ ಅರ್ಧ ಹೋಗಿರಬೇಕಾಗಿತ್ತು. "ಅಕ್ಕಾ!" ಎಂದು ಕೂಗಿ ಹೊಸ್ತಿಲ ಮೇಲೆ ತೂಗಾಡುತ್ತಾ ನಿಂತೆ. ಆಗ ನೋಡಿದೆ. ಅವಳ ಹೆಗಲ ಮೇಲಿನ ಸೆರಗು ಅರಿವೆಯ ಉಂಡೆಯೊಂದು ಒತ್ತಿದಷ್ಟು ಅಗಲಕ್ಕೆ ಒಳಗೆ ತಗ್ಗಿತು. ಮೈ ಅಲುಗಿತು. ಸೆರಗು ಮತ್ತೆ ಮೊದಲಿನಂತಾಯಿತು. ಇನ್ನೊಮ್ಮೆ ತಗ್ಗಿತು. ಕೋಲು ಮೂಲೆಯಲ್ಲಿ ಇದ್ದಲ್ಲೇ ಇತ್ತು.

ಎರಡನೆಯ ಭೋಂಗಾ ಆಯಿತು. ಅಕ್ಕ ಕಣ್ಣು ತೆರೆದು, ಗೋಡೆ ಬಿಟ್ಟು ಹಗುರಾಗಿ ಎದ್ದು ಬಂದಳು. "ಒಂದಿನಾರ ಸುಮ್ನ ಕುಂಡ್ರಾಕ ಬಿಡಂಗಿಲ್ಲ ನೋಡು ನಿಮ್ಮ ಮಾವ," ಎಂದಳು. ನಕ್ಕಳೋ ಅತ್ತಳೋ ತಿಳಿಯಲಿಲ್ಲ. "ಒಳಗರ ಬರ್ತಾರೇನು? ಅದೂ ಇಲ್ಲ. ಬಾಗಿಲಾಗ ನಿಂತು ತಿವಿದು ಹೋಗ್ತಾರ."

ನಾನು ಬಾಗಿಲಲ್ಲೇ ನಿಂತಿದ್ದೆ. ಪಕ್ಕಕ್ಕೆ ಸರಿದು ದಾರಿ ಬಿಟ್ಟೆ.